ಎಂಜಲಿಲ್ಲದ ಹುಳಗಳು

ಆ ಬೇಸಿಗೆಯನ್ನು ವಾಸನೆಯಿಂದ ಶುರು ಮಾಡೋಣವೆಂದರೆ ಎರಡು ವಾಸನೆಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಒಂದು, ಕುದಿಯುವ ನೀರಿನಲ್ಲಿ ಕರಗುವ ಜೇನುಮೇಣದ್ದು. ಇನ್ನೊಂದು, ಆಸ್ಪತ್ರೆಯ ಸ್ಪಿರಿಟ್ಟಿನದು. ಕಳೆದ ವಾರ ಬಳ್ಳಾರಿಯ ಪಾರ್ವತಿನಗರದಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯ ಕ್ಲಿನಿಕ್ಕಿನಲ್ಲಿ ಚುಚ್ಚುಮದ್ದಿಗೆ ತೋಳು ಒಡ್ಡಿ ಕೂತಿದ್ದೆ. ಒದ್ದೆ ಹತ್ತಿ ಚರ್ಮಕ್ಕೆ ತಾಗಿದ್ದೇ ತಡ, ಎರಡೂ ಬಂದವು. ಅಲ್ಲಿ ಮೇಣ ಎಲ್ಲಿತ್ತು? ಇರಲಿಲ್ಲ. ಅರ್ಧವನ್ನು ಮೂಗು ಹಿಡಿಯಿತು, ಉಳಿದರ್ಧವನ್ನು ಹೆದರಿಕೆ ಸೇರಿಸಿತು. ಮುಂದೆ ಬರೆಯುವುದರಲ್ಲೂ ಹೀಗೆ ಸೇರಿಕೊಂಡದ್ದು ಇರಬಹುದು. ಹೆದರಿದ್ದು ಮಾತ್ರ ಖಾತ್ರಿ.

ಹೆದರಿದ್ದು ಸುಮಂಗಲಾ ಅತ್ತಿಗೆಗಾಗಿ. ಅವರು ನನ್ನ ಅಣ್ಣನ ಹೆಂಡತಿ. ಬಳ್ಳಾರಿಯ ಒಂದು ನರ್ಸಿಂಗ್ ಹೋಮಿನಲ್ಲಿ, ಆಗತಾನೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಒಂದು ಮಳೆಗಾಲ ಆ ವಾರ್ಡಿಗೆ ಸೋಂಕು ಹೊಕ್ಕಿತು. ಕೆಲವು ಕೂಸುಗಳು ಮನೆಗೆ ಹೋಗಲಿಲ್ಲ. ಅತ್ತಿಗೆಯನ್ನು ಯಾರೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು ಎಂದು ಅಣ್ಣ ಒಮ್ಮೆ ಹೇಳಿದ್ದ. ಜಗಳವಾಡಲಿಕ್ಕೆ ಒಬ್ಬರಾದರೂ ಸಿಗುತ್ತಿದ್ದರು. ಕೆಲಸ ಬಿಟ್ಟು ಕುರುಗೋಡಿನ ಮನೆಗೆ ಬಂದ ಅತ್ತಿಗೆ, ಗೋಡೆಗೆ ಮುಖ ಮಾಡಿ ಮಲಗಿದರು. ಕರೆದರೆ ಹೂಂ ಅನ್ನುತ್ತಿದ್ದರು, ತಿರುಗುತ್ತಿರಲಿಲ್ಲ. ಎಷ್ಟು ತಿಂಗಳೋ. ಕೊನೆಗೆ ಆಕೆಯನ್ನು ಈಚೆ ತಿರುಗಿಸಿದ್ದು ಅಣ್ಣನೂ ಅಲ್ಲ, ವೈದ್ಯರೂ ಅಲ್ಲ. ಯಾರೋ ಹಿತ್ತಲಲ್ಲಿ ಇಟ್ಟುಹೋದ ಒಂದು ಜೇನುಪೆಟ್ಟಿಗೆ. ಅದು ಎರಡಾಗಿ, ಆರಾಗಿ, ಸೂರ್ಯಕಾಂತಿ ಹೂಬಿಟ್ಟ ಹೊಲಗಳಿಗೆಲ್ಲ ಪೆಟ್ಟಿಗೆ ಹೊತ್ತೊಯ್ಯುವಷ್ಟು ಬೆಳೆಯಿತು. ಅತ್ತಿಗೆ ಮತ್ತೆ ಬೈಯತೊಡಗಿದರು, ನಗತೊಡಗಿದರು. ಹುಳಗಳು ಇರುವಷ್ಟು ದಿನ ಆಕೆ ಇರುತ್ತಾರೆ ಎಂದು ನಾವೆಲ್ಲ ಬಾಯಿಬಿಟ್ಟು ಹೇಳದೆ ನಂಬಿದ್ದೆವು.

ನನ್ನ ಕೆಲಸವೂ ಆ ಹುಳಗಳಿಗೇ ಗಂಟು ಬಿದ್ದಿತ್ತು. ಬಳ್ಳಾರಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವ ನಾನು, ಜೇನುಹುಳದ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮನುಷ್ಯನ ಹೊಟ್ಟೆಯಲ್ಲಿ ಇರುವುದು ದೊಡ್ಡ ಸಂತೆ. ಹುಳದ ಹೊಟ್ಟೆಯಲ್ಲಿ ಇರುವುದು ಸಣ್ಣ ಬಳಗ, ಬೆರಳೆಣಿಕೆಯ ಜಾತಿಗಳು. ಒಂದು ಜಾತಿ ಕರುಳಿನ ಗೋಡೆಗೆ ಅಂಟಿ ಪದರ ಕಟ್ಟುತ್ತದೆ, ಅದರ ಮೇಲೆ ಇನ್ನೊಂದು ಕೂರುತ್ತದೆ. ಈ ಬಳಗ ಗಟ್ಟಿಯಾಗಿ ಕೂತಿದ್ದರೆ ಹೊರಗಿನ ರೋಗಾಣುವಿಗೆ ಕಾಲೂರಲು ಜಾಗ ಸಿಗುವುದು ಕಷ್ಟ.

ನಾನು ಹುಡುಕುತ್ತಿದ್ದದ್ದು ಅವುಗಳ ನಡುವೆ ಓಡಾಡುವ ರಾಸಾಯನಿಕ ಸಂಕೇತ. ಪ್ರತಿ ಬ್ಯಾಕ್ಟೀರಿಯಾ ಒಂದು ಸಣ್ಣ ಅಣುವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಒಂಟಿಯಾಗಿದ್ದರೆ ಆ ಅಣು ಎಲ್ಲೋ ತೇಲಿಹೋಗುತ್ತದೆ. ಸುತ್ತ ನೆರೆದವರು ಹೆಚ್ಚಿದಷ್ಟೂ ಅಣು ದಟ್ಟವಾಗುತ್ತದೆ. ಒಂದು ಮಟ್ಟ ಮುಟ್ಟಿತೋ, ಒಂಟಿಯಾಗಿ ಮಾಡದ ಕೆಲಸಕ್ಕೆ ಎಲ್ಲವೂ ಒಟ್ಟಿಗೆ ಕೈಹಾಕುತ್ತವೆ. ಪದರ ಕಟ್ಟುವುದು ಹಾಗೆ, ದಾಳಿ ಮಾಡುವುದೂ ಹಾಗೆಯೇ. ಇದನ್ನು ಮಾತು ಅನ್ನುವುದು ನಮ್ಮ ಸೋಮಾರಿತನ. ಆದರೂ ಅತ್ತಿಗೆಗೆ ಹೇಳುವಾಗ ಮಾತು ಎಂದೇ ಹೇಳಿದ್ದೆ.

"ಅಂದ್ರ ನಮ್ಮ ಓಣಿ ಹೆಣ್ಮಕ್ಳು ನಳದ ಹತ್ರ ಕೂಡಿದಂಗ," ಅಂದಿದ್ದರು ಅತ್ತಿಗೆ. "ಒಬ್ಬಾಕಿ ಇದ್ರ ಸುಮ್ನ ಕೊಡ ತುಂಬಿಸ್ಕೆಂಡು ಹೋಗ್ತಾಳ. ಹತ್ತು ಮಂದಿ ಆದ್ರು ಅಂದ್ರ ಮುನ್ಸಿಪಾಲ್ಟಿಯವ್ರಿಗೆ ಶುರುವಾತು ನೋಡು ಪೂಜಿ."

ನಾನು ತರಗತಿಯಲ್ಲಿ ಇವತ್ತಿಗೂ ಇದೇ ಉದಾಹರಣೆ ಕೊಡುತ್ತೇನೆ. ಮಕ್ಕಳು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಹಲ್ಲು ತೋರಿಸತೊಡಗಿತ್ತು. ಹಿತ್ತಲಿನ ಒಂದು ಪೆಟ್ಟಿಗೆಯಲ್ಲಿ ಮರಿಗಳು ಕೊಳೆಯತೊಡಗಿವೆ ಎಂದು ಅತ್ತಿಗೆ ಫೋನು ಮಾಡಿದರು. ನಾನು ಕುರುಗೋಡಿಗೆ ಹೋದಾಗ ಚೌಕಟ್ಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುತ್ತಿನಂತೆ ಬೆಳ್ಳಗೆ ಸುರುಳಿ ಮಲಗಿರಬೇಕಾದ ಮರಿಹುಳಗಳು ಹಳದಿ ತಿರುಗಿ, ಎರಿಯ ಮೇಣದ ಕಣ್ಣುಗಳ ತಳದಲ್ಲಿ ಜಾರಿ ಬಿದ್ದಿದ್ದವು. ಹುಳಿ ವಾಸನೆ. ಅತ್ತಿಗೆಯ ಮುಖದಲ್ಲಿ ನಾನು ಬಹಳ ವರ್ಷ ನೋಡಿರದ ಏನೋ ಇತ್ತು. ಗಾಬರಿಯಲ್ಲ. ಗಾಬರಿ ಆಗುವ ಮೊದಲಿನ ಒಂದು ತಣ್ಣನೆಯ ಚುರುಕುತನ, ವಾರ್ಡಿನಲ್ಲಿ ಗಂಟೆ ಬಾರಿಸಿದಾಗ ನರ್ಸುಗಳ ಮೈಗೆ ಬರುವಂಥದ್ದು.

ಅವತ್ತು ಸಂಜೆ, ಹುಳಗಳೆಲ್ಲ ಗೂಡು ಸೇರಿದ ಮೇಲೆ, ಆ ಪೆಟ್ಟಿಗೆಯ ಬಾಗಿಲಿಗೆ ಬಟ್ಟೆ ತುರುಕಿ ಹಿತ್ತಲ ಗುಂಡಿಯಲ್ಲಿಟ್ಟು ಸುಟ್ಟರು. ರೋಗ ಹರಡದಂತೆ ಹಾಗೆ ಮಾಡುವುದುಂಟು. ಅಣ್ಣ ಸೀಮೆಎಣ್ಣೆ ಸುರಿದ. ಮೊದಲು ಒಳಗಿನ ಗುಂಯ್ ಸದ್ದು ಏರಿತು, ಏರಿ ಏರಿ ಒಂದು ಮಟ್ಟಕ್ಕೆ ನಿಂತಿತು, ಆಮೇಲೆ ಒಮ್ಮೆಲೆ ಇಲ್ಲವಾಯಿತು. ಇಲ್ಲವಾದದ್ದು ಹೆಚ್ಚು ಜೋರಾಗಿ ಕೇಳಿಸಿತು. ಅತ್ತಿಗೆ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದುಕೊಂಡರು. ಮತ್ತೆ ತೊಳೆದುಕೊಂಡರು.

"ಉಳಿದ ಪೆಟ್ಟಿಗ್ಯಾಗ ಏನೂ ಕಾಣಸವಲ್ದು. ಕಾಣಸದಿದ್ರ ಇಲ್ಲಂತಲ್ಲ," ಅಂದರು. "ದೊಡ್ಡವು ಹೊಲಸು ಹೊತ್ಕೆಂಡು ತಿರುಗತಾವ, ಸಾಯೂದು ಸಣ್ಣವು. ಹುಟ್ಟಾಕಿಂತ ಮದ್ಲ ಬ್ಯಾರೆ ಮಾಡಬೇಕು."

ಅವರು ಮಾಡಿದ್ದು ಇಷ್ಟು. ಉಳಿದ ಪೆಟ್ಟಿಗೆಗಳಿಂದ, ಮೇಣದ ಮುಚ್ಚಳ ಬಿದ್ದ ಮರಿಗಳಿರುವ ಚೌಕಟ್ಟುಗಳನ್ನು ಮಾತ್ರ ಆರಿಸಿದರು. ಅವುಗಳ ಮೇಲೆ ಕೂತಿದ್ದ ಒಂದೊಂದೇ ಹುಳವನ್ನೂ ಕುಂಚದಿಂದ ಸವರಿ ಓಡಿಸಿದರು. ಚೌಕಟ್ಟಿನ ಕಟ್ಟಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಹೊಸ ಪೆಟ್ಟಿಗೆಗಳನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸಿ, ಮರಿಗಳನ್ನು ಅದರೊಳಗಿಟ್ಟು, ಮನೆಯ ಒಳಕೋಣೆಯಲ್ಲಿ ಸಾಲಾಗಿ ಇಟ್ಟರು. ಕಿಟಕಿಗೆ ಸೊಳ್ಳೆಪರದೆ, ಬಾಗಿಲ ಬಳಿ ಬೇರೆ ಚಪ್ಪಲಿ. ಬೇರೆ ಊರಿನಲ್ಲಿ ಇದು ಸಾಧ್ಯವೇ ಇಲ್ಲ. ದೊಡ್ಡ ಹುಳಗಳು ಮೈ ಒತ್ತಿ ಕಾವು ಕೊಡದಿದ್ದರೆ ಮರಿಗಳು ಸತ್ತುಹೋಗುತ್ತವೆ. ಆದರೆ ನಮ್ಮ ಕಡೆಯ ಬೇಸಿಗೆಗೆ ತಾಯಿಯ ಅಗತ್ಯವಿಲ್ಲ. ಮುಚ್ಚಿದ ಕೋಣೆ ತಾನಾಗಿ ಗೂಡಿನಷ್ಟೇ ಬಿಸಿಯಾಗುತ್ತದೆ. ಮಧ್ಯಾಹ್ನ ಇನ್ನೂ ಏರಿದರೆ ಅತ್ತಿಗೆ ಗೋಣಿ ತಟ್ಟು ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು. ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾದವರಿಗೆ ಮಾತ್ರ ಹೊಳೆಯುವ ಉಪಾಯ.

ರಾಣಿಗಳನ್ನೂ ಒಂದೊಂದಾಗಿ ಈ ಹೊಸ ಪೆಟ್ಟಿಗೆಗಳಿಗೇ ತಂದರು. ಹಳೆಯ ಹುಳಗಳು, ರಾಣಿಯಿಲ್ಲದೆ, ಮರಿಯಿಲ್ಲದೆ, ದೇಶನೂರಿನ ಈರಣ್ಣನ ಗದ್ದೆಗೆ ಹೋದವು. ಈರಣ್ಣ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವನು, ಅಣ್ಣನ ಹಳೆಯ ಗೆಳೆಯ. ಅವನ್ನೂ ಸುಡಬೇಕೆಂದು ಅತ್ತಿಗೆ ಹೊರಟಿದ್ದರು. "ಇದ್ದಷ್ಟು ದಿನ ಇರ್ಲಿ ಬಿಡು, ಮುದುಕೇರು," ಎಂದು ಅಣ್ಣ ಸಿರುಗುಪ್ಪದ ಕಡೆ ಹೊರಟಿದ್ದ ಟೆಂಪೊಕ್ಕೆ ಏರಿಸಿಬಿಟ್ಟ. ಆ ಹೊತ್ತಿಗೆ ಇದು ದಯೆಯ ಮಾತಾಗಿತ್ತು, ಅಷ್ಟೇ.

ಒಳಕೋಣೆಯಲ್ಲಿ ಹುಳಗಳು ಹುಟ್ಟಿದವು. ಮೇಣದ ಮುಚ್ಚಳ ಕಡಿದು, ಬೂದುಬಣ್ಣದ ಮೃದು ರೋಮ ಹೊತ್ತು, ತಡವರಿಸುತ್ತ ಈಚೆ ಬಂದವು. ಹೊಸ ಮೇಣ, ಹೊಸ ಕಟ್ಟಿಗೆ, ಕುದಿಸಿ ಆರಿಸಿದ ಸಕ್ಕರೆ ಪಾಕ, ಸೋಯಾ ಹಿಟ್ಟಿನ ಉಂಡೆ. ಅಷ್ಟು ಸ್ವಚ್ಛವಾದ ಹುಳಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ಬಗ್ಗಿ ನೋಡುತ್ತಿದ್ದರು. "ಯಾರ ಎಂಜಲೂ ಮುಟ್ಟಿಲ್ಲ ನೋಡು ಇವು," ಅಂದರು. ಅವರು ಅಷ್ಟು ಖುಷಿಯಾಗಿದ್ದದ್ದು ಆ ಕೆಲವು ದಿನ ಮಾತ್ರ. ಅದಕ್ಕೇ ಇರಬೇಕು, ನೆನಪಿನಲ್ಲಿ ಆ ಕೋಣೆಗೆ ಬೆಳಕು ಹೆಚ್ಚು. ನಿಜದಲ್ಲಿ ಗೋಣಿ ತಟ್ಟಿನಿಂದ ಕತ್ತಲೆಯೇ ಇತ್ತು.

ಆ ಹುಳಗಳಲ್ಲಿ ಕೆಲವನ್ನು ಐಸಿನ ಡಬ್ಬಿಯಲ್ಲಿ ಹಾಕಿಕೊಂಡು ನಾನು ಕಾಲೇಜಿಗೆ ತಂದೆ. ಹುಳದ ಕೊನೆಯ ಉಂಗುರವನ್ನು ಚಿಮಟದಿಂದ ಹಿಡಿದು ಮೆಲ್ಲಗೆ ಎಳೆದರೆ ಕರುಳು ಪೂರ್ತಿ ಈಚೆ ಬರುತ್ತದೆ. ಅದನ್ನು ಅರೆದು, ಸೋಸಿ, ಆ ರಸವನ್ನು ಕಡಲಿನ ಒಂದು ಬ್ಯಾಕ್ಟೀರಿಯಾಕ್ಕೆ ಉಣಿಸುವುದು ನನ್ನ ಕ್ರಮ. ಆ ಕಡಲ ಜೀವಿಯ ಗುಣ ವಿಚಿತ್ರ. ಬೇರೆ ಬ್ಯಾಕ್ಟೀರಿಯಾಗಳ ಸಂಕೇತದ ಅಣು ತನಗೆ ತಾಗಿದರೆ ಅದು ಬೆಳಗುತ್ತದೆ. ನೀಲಿ ಹಸಿರು ಬೆಳಕು, ಬಹಳ ಸಣ್ಣದು. ನಮ್ಮಲ್ಲಿ ಬೆಳಕು ಅಳೆಯುವ ಯಂತ್ರ ಇರಲಿಲ್ಲ. ಸ್ಟೋರ್ ರೂಮಿನ ಬಾಗಿಲ ಸಂದಿಗೆ ಕರಿ ಬಟ್ಟೆ ತುಂಬಿ, ಹಾಡುಹಗಲಲ್ಲಿ ಕತ್ತಲೆ ಮಾಡಿಕೊಂಡು, ಕಣ್ಣು ಹೊಂದುವವರೆಗೆ ಸ್ಟೂಲಿನ ಮೇಲೆ ಕೂರುತ್ತಿದ್ದೆ.

ಅವತ್ತು ಕಣ್ಣು ಹೊಂದಿತು. ಬೆಳಕು ಬರಲಿಲ್ಲ.

ಕೊಳವೆಗಳು ಇದ್ದಲ್ಲಿ ಇದ್ದವು, ನನ್ನ ಕೈ ಇದ್ದಲ್ಲಿ ಕೈ ಇತ್ತು, ಏನೂ ಕಾಣಲಿಲ್ಲ. ರಸದಲ್ಲೋ ಪ್ರಮಾಣದಲ್ಲೋ ಏನೋ ತಪ್ಪಿರಬೇಕು ಎಂದುಕೊಂಡೆ. ಎರಡನೆಯ ಸಲವೂ ಕತ್ತಲೆ. ಆಮೇಲೆ ದೇಶನೂರಿನಿಂದ ಮುದಿ ಹುಳಗಳನ್ನು ತರಿಸಿ, ಅದೇ ಕ್ರಮದಲ್ಲಿ ಪಕ್ಕದಲ್ಲೇ ಇಟ್ಟು ನೋಡಿದೆ. ಅವು ಬೆಳಗಿದವು. ಪಕ್ಕದ ಸಾಲು ಬೆಳಗುತ್ತಿದ್ದಾಗ ಈ ಸಾಲಿನ ಕತ್ತಲೆಗೆ ಒಂದು ಆಕಾರ ಬಂತು. ಹುಳ ಹುಟ್ಟುವಾಗ ಅದರ ಕರುಳು ಹೆಚ್ಚುಕಡಿಮೆ ಖಾಲಿ. ಮೊದಲ ಕೆಲವೇ ದಿನಗಳಲ್ಲಿ ಹಿರಿಯ ಹುಳಗಳ ಜೊತೆ ಮೈ ತಿಕ್ಕಿ, ಅವು ತುಳಿದ ಎರಿಯನ್ನು ನೆಕ್ಕಿ, ಅವುಗಳ ಹೊಲಸಿನಿಂದಲೇ ಅದು ಬಳಗವನ್ನು ಪಡೆಯಬೇಕು. ಪುಸ್ತಕದಲ್ಲಿ ಇದನ್ನು ಓದಿದ್ದೆ, ಪಾಠ ಮಾಡಿದ್ದೆ. ಅತ್ತಿಗೆ ಕುಂಚ ಹಿಡಿದು ಹಿರಿಯ ಹುಳಗಳನ್ನು ಸವರುವಾಗ, ಅವರ ಕೈಯ ಚುರುಕು ಕಂಡು ಸಮಾಧಾನಪಟ್ಟಿದ್ದೆನೇ ಹೊರತು ಬೇರೇನೂ ಹೊಳೆದಿರಲಿಲ್ಲ.

ಮರುದಿನ ಕುರುಗೋಡಿಗೆ ಹೋಗಿ ಹೇಳಿದೆ. ಅತ್ತಿಗೆ ಪಾಕ ಕುದಿಸುತ್ತಿದ್ದರು. ಅಣ್ಣ ಬಾಗಿಲ ಬಳಿ ಕೂತು ಮಂಡಾಳು ಒಗ್ಗರಣಿ ತಿನ್ನುತ್ತಿದ್ದ.

"ಅತ್ತಿಗೀ, ಇವಕ್ಕ ಹೊಟ್ಟ್ಯಾಗ ಯಾರೂ ಇಲ್ಲ. ಖಾಲಿ ಐತಿ. ಹಳೇ ಹುಳದ ಜೋಡಿ ಕೂಡಿಸ್ಬೇಕು. ಅವುಗಳ ಹೊಲಸು ಇವಕ್ಕ ಮುಟ್ಟಬೇಕು."

"ಅಂದ್ರ ಹುಟ್ಟಿದ ಕೂಸಿಗೆ ಹೇಲು ತಿನ್ನಸು ಅಂತೀಯೇನು?"

"ಹುಳದ ಮಾತು ಹೇಳಾಕತ್ತೀನಿ, ಕೂಸಿಂದಲ್ಲ."

"ಕಾಲೇಜಿನ್ಯಾಗ ಇದನ್ನ ಕಲಸ್ತೀಯಾ? ಪಗಾರ ಬ್ಯಾರೆ ಕೊಡ್ತಾರ!"

ಅಣ್ಣ ನಕ್ಕ. ಅತ್ತಿಗೆಯೂ ನಕ್ಕರು. ಆಮೇಲೆ ಒಲೆ ಆರಿಸಿ, ನನ್ನ ಕಡೆ ತಿರುಗದೆ, "ನೀ ಪುಸ್ತಕ ಓದಿ ಹೇಳ್ತಿ ಉಮಾ. ಹೊಲಸು ಕೈ ಒಂದು ತಾಸಿನ್ಯಾಗ ಏನು ಮಾಡ್ತೈತಂತ ನಾ ಕಣ್ಣಾರ ನೋಡೀನಿ. ಇವನ್ನ ಯಾರೂ ಮುಟ್ಟಂಗಿಲ್ಲ," ಅಂದರು. ದನಿ ಏರಿರಲಿಲ್ಲ. ಅಣ್ಣ ತಟ್ಟೆ ಕೆಳಗಿಟ್ಟು ನನ್ನತ್ತ ಕಣ್ಣಲ್ಲೇ ಸಾಕು ಎಂದ. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಆಕೆ ಮತ್ತೆ ಗೋಡೆಗೆ ತಿರುಗಿಬಿಟ್ಟರೆ ಎಂಬ ಭಯಕ್ಕೆ ನಾವಿಬ್ಬರೂ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಆ ಮನೆಯಲ್ಲಿ ಪಾತ್ರೆ ಇಡುವಾಗಲೂ ಸದ್ದು ಮಾಡುತ್ತಿರಲಿಲ್ಲ.

ಸಾವು ಯಾವ ದಿನ ಶುರುವಾಯಿತು ಎಂದು ಅಣ್ಣ ಒಂದು ಹೇಳುತ್ತಾನೆ, ನಾನು ಒಂದು ಹೇಳುತ್ತೇನೆ. ಯುಗಾದಿಯ ಹಿಂದುಮುಂದು ಎನ್ನುವುದರಲ್ಲಿ ಒಮ್ಮತವಿದೆ. ಮೊದಲು ಕೆಲವು ಹುಳಗಳು ಕಿಟಕಿಯ ಪರದೆಯ ಕೆಳಗೆ ನಡುಗುತ್ತ ತೆವಳಿದವು. ಹೊಟ್ಟೆ ಉಬ್ಬಿತ್ತು, ರೆಕ್ಕೆ ಬಿಚ್ಚಿಕೊಂಡು ನಿಂತಿತ್ತು. ಬೆಳಿಗ್ಗೆ ಕಸಬರಿಗೆ ಹಿಡಿದಾಗ ಒಂದು ಹಿಡಿ. ಮರುದಿನ ಮೊರದ ತುಂಬ. ಅತ್ತಿಗೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದರು. ಪಾಕವನ್ನು ಎರಡು ಸಲ ಕುದಿಸಿದರು. ಎಷ್ಟು ಸಾಯುತ್ತಿದ್ದವೋ ಅಷ್ಟು ತೊಳೆದರು. ತೊಳೆದಷ್ಟೂ ಕೈ ಬಿರಿದು, ಬೆರಳ ಸಂದಿಗಳಲ್ಲಿ ರಕ್ತ ಕಾಣತೊಡಗಿತು. ಆಕೆಗೆ ರೊಟ್ಟಿ ತಟ್ಟಲು ಆಗದ್ದರಿಂದ ಅಣ್ಣ ಖಾನಾವಳಿಯಿಂದ ತರುತ್ತಿದ್ದ. ಆಕೆ ತಿನ್ನುತ್ತಿರಲಿಲ್ಲ.

ನಾನು ಸಾಯುತ್ತಿದ್ದ ಹುಳಗಳನ್ನು ತಂದು ಮತ್ತೆ ಕತ್ತಲಲ್ಲಿ ಕೂತೆ. ಈ ಸಲ ಬೆಳಕು ಬಂತು.

ಆ ಮಧ್ಯಾಹ್ನದ ಸಂತೋಷ ನೆನೆದರೆ ಈಗಲೂ ನನಗೆ ಅಸಹ್ಯವಾಗುತ್ತದೆ. ಹೇಗೋ ಬಳಗ ಸೇರಿದೆ, ಸಂಕೇತ ಓಡಾಡುತ್ತಿದೆ, ಇನ್ನು ಬದುಕುತ್ತವೆ ಎಂದು ಅಣ್ಣನಿಗೆ ಫೋನು ಮಾಡಿಬಿಟ್ಟೆ. ಬೆಳಕು ಹೇಳುವುದು ಇಷ್ಟೇ: ಇಲ್ಲಿ ಯಾರೋ ಗುಂಪುಗೂಡಿದ್ದಾರೆ. ಯಾರು ಎಂದು ಅದು ಹೇಳುವುದಿಲ್ಲ. ಆ ಅಣು ಹಲವು ಜಾತಿಗಳಿಗೆ ಸಮಾನ. ಕಾಯುವವರೂ ಅದನ್ನೇ ಬಿಡುತ್ತಾರೆ, ಕೊಲ್ಲುವವರೂ ಅದನ್ನೇ ಬಿಡುತ್ತಾರೆ. ಇದೂ ನನಗೆ ಗೊತ್ತಿದ್ದದ್ದೇ. ಅದೇ ಕರುಳಿನ ರಸವನ್ನು ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯಲ್ಲಿ ಇಟ್ಟಿದ್ದೆನಲ್ಲ, ಎರಡು ದಿನದ ಮೇಲೆ ಮುಚ್ಚಳ ತೆಗೆದರೆ ತಟ್ಟೆಯ ತುಂಬ ಕೆಂಪು ಚುಕ್ಕೆಗಳು. ಕುಂಕುಮ ಚೆಲ್ಲಿದಂತೆ ಅಲ್ಲ, ಅಷ್ಟು ಮಂಗಳಕರ ಕೆಂಪಲ್ಲ. ಹಸಿಯಾದ, ಮಿರುಗುವ, ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತಿದ್ದ ಕೆಂಪು. ಸೆರೇಶಿಯಾ ಎಂಬ ಬ್ಯಾಕ್ಟೀರಿಯಾ. ನೀರಿನಲ್ಲಿ, ಮಣ್ಣಿನಲ್ಲಿ, ತೊಳೆದ ಬಚ್ಚಲಿನಲ್ಲಿ ಎಲ್ಲೆಲ್ಲೂ ಇರುವಂಥದ್ದು. ಗಟ್ಟಿ ಬಳಗವಿರುವ ಹುಳದಲ್ಲಿ ಅದು ಮೂಲೆ ಹಿಡಿದು ಬಿದ್ದಿರುತ್ತದೆ. ಖಾಲಿ ಮನೆಯಲ್ಲಿ ಅದು ಹೆಚ್ಚುತ್ತದೆ, ಸಾಕಷ್ಟು ಜನ ಆಗುವವರೆಗೆ.

ಕುರುಗೋಡಿನಲ್ಲಿ ಅತ್ತಿಗೆ ಕಟ್ಟೆಯ ಮೇಲೆ ಕೂತಿದ್ದರು. ಬಿರಿದ ಕೈಗಳನ್ನು ಉಡಿಯಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದರು, ಯಾರದೋ ಕೈಗಳು ಎಂಬಂತೆ. ಹುಳಗಳಿಗೆ ಏನಾಗಿದೆ ಎಂದು ಕೇಳಿದರು. ನಾನು ಹೆಸರು ಹೇಳಿದೆ.

"ಇನ್ನೊಮ್ಮೆ ಹೇಳು."

ಹೇಳಿದೆ.

"ಈ ಹೆಸರು ನಂಗೊತ್ತೈತಿ," ಅಂದರು. "ವಾರ್ಡಿನ್ಯಾಗ ರಿಪೋರ್ಟು ಬಂದಿತ್ತು. ಇದನ್ನ ಬರದಿದ್ರು."

ಇಷ್ಟು ಸರಿಯಾಗಿ ಬಂದು ಕೂಡುವ ನೆನಪನ್ನು ನಾನು ಬೇರೆಯವರ ಬರಹದಲ್ಲಿ ಕಂಡರೆ ಪುಟ ಮುಚ್ಚಿಬಿಡುತ್ತೇನೆ. ಆಕೆ ಆ ಕ್ಷಣದಲ್ಲಿ ಆ ಹೆಸರನ್ನು ಅಲ್ಲಿಗೆ ಹೊಂದಿಸಿಕೊಂಡರೋ, ನಿಜವಾಗಿ ಅದೇ ಹೆಸರೋ, ಯಾವ ಕಾಗದವನ್ನೂ ನಾನು ನೋಡಿಲ್ಲ. ಆದರೆ ಎಳೆಗೂಸುಗಳ ವಾರ್ಡುಗಳಲ್ಲಿ ಈ ಜೀವಿ ಕಾಣಿಸಿಕೊಳ್ಳುವುದು ಹೊಸದೇನಲ್ಲ. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಅಣ್ಣ ಒಳಗಿನಿಂದ ಬಂದು ಆಕೆಯ ಪಕ್ಕ ನಿಂತ. ನಿಂತದ್ದು ಆಕೆ ಬಿದ್ದರೆ ಹಿಡಿಯುವ ಅಂತರದಲ್ಲಿ.

ಆಕೆ ಬೀಳಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಹೊರಗೆ ನಿಂತು ಕಿವಿಗೊಟ್ಟೆವು. ಉಳಿದ ಹುಳಗಳ ಸದ್ದು ಕ್ಷೀಣವಾಗಿತ್ತು, ಆಕೆಯ ಸದ್ದು ಇರಲಿಲ್ಲ. ಅಣ್ಣ ಒಮ್ಮೆ ಬಾಗಿಲ ಮೇಲೆ ಅಂಗೈ ಇಟ್ಟ, ತಟ್ಟಲಿಲ್ಲ. ಹೊರಗೆ ಗುಡ್ಡದ ಬಂಡೆಗಳಿಂದ ಬಿಸಿ ಏಳುತ್ತಿತ್ತು. ಎಷ್ಟು ಹೊತ್ತು ಎಂದು ಕೇಳಬೇಡಿ. ಬಾಗಿಲು ತೆರೆದಾಗ ಅತ್ತಿಗೆ ನನ್ನ ಮುಖವನ್ನೇ ನೋಡಿದರು.

"ಒಂದು ಕೇಳ್ತೀನಿ, ಖರೇ ಹೇಳು. ಮುದುಕಿ ಹುಳ ತಂದು ಕೂಡಿಸಿದ್ರ ಇವು ಉಳಿತಾವೇನು?"

"ಗೊತ್ತಿಲ್ಲ, ಅತ್ತಿಗೀ."

"ಮುದುಕೇರ ಮೈಯ್ಯಾಗ ಆ ಕೊಳಿ ರೋಗ ಇದ್ರ?"

"ಇರಬೌದು. ಇದ್ರ ಇವಕ್ಕೂ ಹತ್ತತೈತಿ."

"ಸುಳ್ಳಾರ ಹೇಳಬಾರದೇನು ನೀನು, ದರಿದ್ರದಾಕಿ," ಅಂದು ಚಪ್ಪಲಿ ಮೆಟ್ಟಿಕೊಂಡರು. "ನಡಿ, ದೇಶನೂರಿಗೆ ಹೋಗೂಣು."

ಟೆಂಪೊದಲ್ಲಿ ಮೂವರೂ ಹೊರಟೆವು. ಸಿರುಗುಪ್ಪ ದಾಟಿದ ಮೇಲೆ ಹೊಲಗಳು ಹಸಿರಾದವು. ಕಾಲುವೆ ನೀರಿರುವ ಕಡೆ ಬೇಸಿಗೆಗೆ ಬೇರೆಯೇ ಬಣ್ಣ. ನನ್ನ ಹೆದರಿಕೆ ಈಗ ಲೆಕ್ಕಕ್ಕೆ ಇಳಿದಿತ್ತು. ದುಡಿಯುವ ಹುಳದ ಆಯುಷ್ಯ ಬೇಸಿಗೆಯಲ್ಲಿ ಕೆಲವೇ ವಾರ. ರಾಣಿಯಿಲ್ಲದ ಆ ಮುದುಕಿಯರಿಗೆ ಹಿಂದೆ ಬರುವವರು ಯಾರೂ ಇಲ್ಲ. ಅವರು ಸತ್ತರೆ ಅವರ ಕರುಳಿನ ಬಳಗವೂ ಅಲ್ಲಿಗೆ ಮುಗಿಯಿತು. ನಾವು ತಲುಪುವ ಹೊತ್ತಿಗೆ ಅಲ್ಲಿ ಯಾರಾದರೂ ಇರಬೇಕಲ್ಲ.

ಈರಣ್ಣ ಕಾಲುವೆಯ ಒಡ್ಡಿನ ಮೇಲೆ ನಿಂತಿದ್ದ. ಅವನು ಅತ್ತಿಗೆಯನ್ನು ಕರೆಯುವುದು ಸಿಸ್ಟರಮ್ಮ ಎಂದು.

"ಈಗ ಬಂದ್ರೇನು ಸಿಸ್ಟರಮ್ಮಾ? ದಿನಾ ಕಮ್ಮಿ ಆಗಾಕತ್ತ್ಯಾವು. ನಾನೇನು ಮಾಡ್ಲಿ, ಗಂಜಿ ಕುಡಸ್ಲೇನು?"

"ಔಷಧಿ ಗಿವಷಧಿ ಹೊಡದೀಯೇನು ಭತ್ತಕ್ಕ?"

"ಅಯ್ಯೋ ರಾಮಾ! ನಿಮ್ಮ ಹುಳಕ್ಕ ಹೆದ್ರಿ ಈ ಮಡಿ ಅಷ್ಟು ಹೊಡೀದ ಬಿಟ್ಟೀನಿ. ಇಲ್ಲಿ ಹುಳ ತಿಂದೈತಿ ನೋಡ್ರಿ, ನಿಮ್ಮ ಹುಳ ಅಲ್ಲ, ನನ್ನ ಹುಳ."

ಪೆಟ್ಟಿಗೆಗಳ ಮುಚ್ಚಳ ತೆಗೆದೆವು. ಮೊದಲನೆಯದರಲ್ಲಿ ಬರೀ ಪತಂಗದ ಬಲೆ, ತಿಂದು ಪುಡಿಯಾದ ಮೇಣ. ಎರಡನೆಯದೂ ಹಾಗೆ. ಅತ್ತಿಗೆಯ ಉಸಿರು ನನಗೆ ಕೇಳಿಸುತ್ತಿತ್ತು. ಕೊನೆಯದರಲ್ಲಿ ಇದ್ದವು. ಎರಡು ಚೌಕಟ್ಟು ತುಂಬುವಷ್ಟು. ರೋಮ ಉದುರಿ ಕಪ್ಪಗೆ ಮಿಂಚುವ, ರೆಕ್ಕೆಯ ಅಂಚು ಹರಿದ ಮುದುಕಿಯರು. ಒಂದು ಹಾರಿಬಂದು ಅತ್ತಿಗೆಯ ಕುತ್ತಿಗೆಗೆ ಕುಟುಕಿತು.

"ಕಡಿಲಿ," ಅಂದರು ಅತ್ತಿಗೆ. "ನಾ ಮಾಡಿದ್ದಕ್ಕ ಇಷ್ಟಾರ ಕಡೀಬ್ಯಾಡೇನು?"

ಹೊತ್ತು ಮುಳುಗಿ ಎಲ್ಲವೂ ಒಳಸೇರಿದ ಮೇಲೆ ಬಾಗಿಲು ಮುಚ್ಚಿ ಟೆಂಪೊಕ್ಕೆ ಏರಿಸಿದೆವು. ಒಂದೇ ಪೆಟ್ಟಿಗೆ. ಒಳಕೋಣೆಯಲ್ಲಿ ಉಳಿದಿದ್ದವು ಮೂರು. ಯಾವುದಕ್ಕೆ ಕೂಡಿಸುವುದು ಎಂದು ಅಣ್ಣ ದಾರಿಯಲ್ಲಿ ಕೇಳಿದ. ಅತ್ತಿಗೆ ಪೆಟ್ಟಿಗೆಗೆ ಕಟ್ಟಿದ ಹಗ್ಗವನ್ನು ಇನ್ನೊಮ್ಮೆ ಬಿಗಿದರು. ವಾರ್ಡಿನಲ್ಲೂ ಹೀಗೆ ಆರಿಸಬೇಕಾಗಿ ಬಂದಿತ್ತೋ ಏನೋ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಎರಡು ಗೂಡುಗಳನ್ನು ಸುಮ್ಮನೆ ಬೆರೆಸಿದರೆ ಹುಳಗಳು ಕಾದಾಡಿ ಸಾಯುತ್ತವೆ. ಅದಕ್ಕೆ ಜೇನು ಸಾಕುವವರು ನಡುವೆ ಒಂದು ದಿನಪತ್ರಿಕೆಯ ಹಾಳೆ ಹಾಸುತ್ತಾರೆ. ಮೇಲಿನವು ಮೇಲಿಂದ, ಕೆಳಗಿನವು ಕೆಳಗಿಂದ ಆ ಹಾಳೆಯನ್ನು ಕಡಿಯುತ್ತವೆ. ಕಡಿದು ತೂತಾಗುವಷ್ಟರಲ್ಲಿ ಒಬ್ಬರ ವಾಸನೆ ಇನ್ನೊಬ್ಬರಿಗೆ ರೂಢಿಯಾಗಿರುತ್ತದೆ. ಮರುದಿನ ನಸುಕಿನಲ್ಲಿ ಅತ್ತಿಗೆ ಒಂದು ಹೊಸ ಪೆಟ್ಟಿಗೆಯನ್ನು ಹಿತ್ತಲಿಗೆ ತಂದು, ಮುಚ್ಚಳ ತೆಗೆದು, ಹಾಳೆ ಹಾಸಿದರು. ಮುದುಕಿಯರ ಪೆಟ್ಟಿಗೆಯನ್ನು ಎತ್ತಿ ಮೇಲಿಡಬೇಕು. ಎತ್ತಿದರು. ಇಡಲಿಲ್ಲ. ಅದನ್ನು ಎದೆಗೆ ಆನಿಸಿಕೊಂಡು ನಿಂತೇಬಿಟ್ಟರು. ಹಿಡಿಯಲೆಂದು ಅಣ್ಣ ಮುಂದೆ ಬಂದ.

"ಮುಟ್ಟಬ್ಯಾಡ್ರಿ," ಅಂದರು. ಇಟ್ಟರು.

ಆಮೇಲಿನ ದಿನಗಳು ನನಗೆ ಒಂದೇ ದಿನದಂತೆ ಕಾಣುತ್ತವೆ. ರಜೆ ಹಾಕಿ ಅಲ್ಲೇ ಉಳಿದಿದ್ದೆ. ಪೆಟ್ಟಿಗೆಯ ಬಾಗಿಲ ಮುಂದೆ ಮೊದಲು ಕಾಗದದ ಚೂರುಗಳು ಬಿದ್ದವು, ಒಂದು ಅಕ್ಷರದ ಅರ್ಧ, ಒಂದು ಜಾಹೀರಾತಿನ ಕೆಂಪು. ಹುಳಗಳು ಅವನ್ನು ಕಚ್ಚಿ ಎಳೆದು ತಂದು ಎಸೆಯುತ್ತಿದ್ದವು. ಕಾಗದದ ಜೊತೆಗೇ ಹೆಣಗಳೂ ಬಿದ್ದವು. ಹಿರಿಯವೋ ಎಳೆಯವೋ ಎಂದು ಅತ್ತಿಗೆ ಬಗ್ಗಿ ಬಗ್ಗಿ ನೋಡಿದರು. ಎರಡೂ ಇದ್ದವು. ಒಳಕೋಣೆಯಲ್ಲಿ ಉಳಿದ ಎರಡು ಪೆಟ್ಟಿಗೆಗಳು ಆ ವಾರದಲ್ಲೇ ಒಂದರ ಹಿಂದೆ ಒಂದು ಪೂರ್ತಿ ಖಾಲಿಯಾದವು. ರಾಣಿಗಳೂ ಉಳಿಯಲಿಲ್ಲ. ಅವುಗಳನ್ನು ಹೊರಗೆ ತಂದು ಸುಡುವಾಗ ಸದ್ದೇ ಬರಲಿಲ್ಲ.

ಹಿತ್ತಲಿನ ಪೆಟ್ಟಿಗೆ ಮಾತ್ರ ಗುಂಯ್ ಅನ್ನುತ್ತಲೇ ಇತ್ತು. ನನಗೆ ಅದರ ಮೇಲೂ ನಂಬಿಕೆ ಇರಲಿಲ್ಲ. ಅದರ ಕೆಲವು ಹುಳಗಳನ್ನು ಕಾಲೇಜಿಗೆ ಒಯ್ದು ನೋಡಿದೆ, ಬೆಳಕು ಬಂತು. ಬಂದ ಬೆಳಕನ್ನು ನೋಡುತ್ತ ಕೂತೆ, ಯಾರಿಗೂ ಫೋನು ಮಾಡಲಿಲ್ಲ. ತಟ್ಟೆಯಲ್ಲಿ ಕೆಂಪು ಇತ್ತು, ಮೊದಲಿನಷ್ಟಲ್ಲ, ಅಲ್ಲೊಂದು ಇಲ್ಲೊಂದು. ಇದ್ದೇ ಇರುತ್ತದೆ. ಅದು ಎಷ್ಟಾದರೆ ಸಾಕಷ್ಟು ಎಂದು ಹುಳಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅದಕ್ಕೆ ಮಾತ್ರ ಗೊತ್ತು.

ಮೂರು ವಾರ ಕಳೆದು, ಬೇಸಿಗೆ ಮಳೆಯ ಮೊದಲ ಮೋಡ ಕಂಡರೂ ಮಳೆ ಬಿದ್ದಿರಲಿಲ್ಲ. ಆ ಹೊತ್ತಿಗೆ ರಾಣಿ ಇಟ್ಟ ಹೊಸ ಮೊಟ್ಟೆಗಳು ಮರಿಯಾಗಿ, ಮುಚ್ಚಳ ಬಿದ್ದು, ಹುಟ್ಟುವ ದಿನ ಬಂದಿತ್ತು. ಒಂದು ಬೆಳಿಗ್ಗೆ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದರು. ಚೌಕಟ್ಟನ್ನು ಎತ್ತಿ ಬಿಸಿಲಿಗೆ ಹಿಡಿದಿದ್ದರು. ಮೇಣದ ಒಂದು ಮುಚ್ಚಳ ಒಳಗಿನಿಂದ ಅಲುಗಿತು. ಅಂಚಿನ ಸುತ್ತ ಕಡಿತದ ಗೆರೆ ಬಂತು. ಮುಚ್ಚಳ ತೆರೆದು ಒಂದು ಬೂದು ತಲೆ, ಆಮೇಲೆ ಒಂದು ಮುಂಗಾಲು.

ಸುತ್ತಲಿದ್ದ ಹುಳಗಳಲ್ಲಿ ಒಂದು, ಮೈ ಕಪ್ಪಾದದ್ದು, ಅದರ ಕಡೆ ತೆವಳಿತು. ದೇಶನೂರಿನಿಂದ ಬಂದವುಗಳಲ್ಲಿ ಕೊನೆಗೆ ಉಳಿದಿದ್ದದ್ದೋ, ಒಳಕೋಣೆಯಲ್ಲಿ ಹುಟ್ಟಿ ಈಗ ಮುಪ್ಪಾದದ್ದೋ, ಹೇಳಲು ಆಗಲಿಲ್ಲ. ಎಳೆಯದರ ಮುಖದ ಮೇಲೆ ಬಗ್ಗಿ, ಬಾಯಿಂದ ಒಂದು ಹನಿ ತೆಗೆದು ಚಾಚಿತು.

ಅತ್ತಿಗೆಯ ಬಲಗೈ ಚೌಕಟ್ಟು ಬಿಟ್ಟು ಮೇಲೆದ್ದಿತು. ಬೆರಳು ಆ ಎರಡು ಹುಳಗಳ ನಡುವೆ ಹೋಗುವಷ್ಟು ಹತ್ತಿರ ಬಂತು.

"ಉಮಾ," ಅಂದರು, ಬಹಳ ಸಣ್ಣಗೆ. "ತಡೀಲೇನು?"

"ಬ್ಯಾಡ್ರಿ, ಅತ್ತಿಗೀ."

"ಅಂಜಿಕಿ ಬರ್ತೈತಿ."

"ನಂಗೂ."

ಬೆರಳು ಗಾಳಿಯಲ್ಲೇ ನಿಂತಿತ್ತು. ಎಳೆಯ ಹುಳ ನಾಲಗೆ ಚಾಚಿ ಆ ಎಂಜಲನ್ನು ತೆಗೆದುಕೊಂಡಿತು.